ಕೋಟೆ ಹತ್ತುವಾಗ ನೀರನ್ನು ನೋಡಿ

ಬಳ್ಳಾರಿ ಗುಡ್ಡ ಹತ್ತಿದವರು ಸಾಮಾನ್ಯವಾಗಿ ಬುರುಜುಗಳನ್ನು ನೋಡಿ ಬೆರಗಾಗುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಬೆರಗು, ಮೇಲಿನ ಬಂಡೆಗಳ ಸಂದಿಯಲ್ಲಿ ಮಳೆನೀರು ಹಿಡಿದಿಡುವ ದೊಣೆಗಳು. ಇಂಥ ಬಿಸಿಲ ನಾಡಿನಲ್ಲಿ ಮುತ್ತಿಗೆಯ ದಿನಗಳನ್ನು ದೂಡಲು ಕತ್ತಿಯಷ್ಟೇ ಸಾಕೇ? ನೀರು ಮುಗಿದರೆ ಕೋಟೆಯೂ ಮುಗಿದಂತೆ.

ಈ ಗುಡ್ಡದ ಮೇಲುಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಸಾಮಂತ ಹನುಮಪ್ಪ ನಾಯಕ. ಕೆಳಕೋಟೆ ಹೈದರಾಲಿಯ ಕಾಲದ್ದು. ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂದು ತಡವಾಗಿ ತಿಳಿದ ಹೈದರ್, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಕಥೆ ಊರಲ್ಲಿ ಇಂದಿಗೂ ಉಂಟು. ಪಾಪ, ಆ ಪರದೇಶಿ! ಮುಂದೆ ಈ ಸೀಮೆ ನಿಜಾಮನ ಕೈಸೇರಿತು; 1800ರಲ್ಲಿ ಅವನು ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ.

ಆ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಗುಡ್ಡಕೋಟೆಗಳನ್ನು ನೋಡಲು ಜನ ಮಕ್ಕಳನ್ನು ಕಟ್ಟಿಕೊಂಡು ನಡೆಯುತ್ತಾರೆ. ನಮಗೇನು ಕಡಿಮೆ? ಬಳ್ಳಾರಿಯ ಆಸುಪಾಸಿನಲ್ಲೇ, ಸಿಂದರು ಆಳಿದ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನಿಗೆ ಕೈಮುಗಿದ ಮೇಲೆ, ಬೆಟ್ಟದ ಕೋಟೆಗೋಡೆಗಳತ್ತಲೂ ಒಮ್ಮೆ ಹೆಜ್ಜೆ ಹಾಕಿ. ಸಿರುಗುಪ್ಪದ ಕಡೆ ಹೊರಟರೆ ತೆಕ್ಕಲಕೋಟೆಯಲ್ಲಿ ಇಳಿಯಿರಿ. ಅಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಾಳಿದ್ದರು. ಬಂಡೆಗಳ ಮೇಲೆ ಹೆಸರು ಗೀಚಬೇಡಿ, ದಯವಿಟ್ಟು. ಬಿಸಿಲೇರುವ ಮೊದಲೇ ಹೊರಡಿ, ನೀರಿನ ಬಾಟಲಿ ಮರೆಯಬೇಡಿ.