ಕುಳಿತೇ ಹೊರಟವನು

ಬೆಳಗಾವಿಯ ಕಡೆಯಿಂದ ಮಿರಜಕ್ಕೆ ಹೋಗುವ ರೈಲು ಕುಡಚಿಯನ್ನು ಬಿಟ್ಟು ಕೃಷ್ಣೆಯನ್ನು ದಾಟಿದೊಡನೆ ಉಗಾರದ ಕಬ್ಬಿನ ಸೀಮೆ. ಅಲ್ಲಿ ಉಗಾರಗಳು ಎರಡು. ರೈಲು ನಿಲ್ದಾಣವೂ ಸಕ್ಕರೆ ಕಾರ್ಖಾನೆಯೂ ಉಗಾರ ಖುರ್ದದಲ್ಲಿವೆ. ನಾನು ಹೋಗಬೇಕಾಗಿದ್ದುದು ಉಗಾರ ಬುದ್ರುಕಕ್ಕೆ. ಖುರ್ದ ಎಂದರೆ ಚಿಕ್ಕದು. ಬುದ್ರುಕವೋ, ಪಾರಸಿಯ ‘ಬುಜುರ್ಗ್’ ಮರಾಠಿಯ ಬಾಯಲ್ಲಿ ಸವೆದು ಆದದ್ದು; ಹಿರಿದು, ಹಿರಿಯ ಎಂದು ಅರ್ಥ. ಸಾವಿನ ಮನೆಗೆ ಹೊರಟಾಗಲೂ ಪದದ ಬೇರನ್ನು ಕೆದಕುವುದು ಕನ್ನಡ ಕಲಿಸಿ ಬದುಕಿದವನ ಚಾಳಿ.

ತೀರಿಕೊಂಡವನು ನನ್ನ ಸಹಪಾಠಿ. ನಲವತ್ತು ವರ್ಷಗಳ ಹಿಂದೆ ಅವನ ತಂದೆ ಲಿಂಗೈಕ್ಯರಾದಾಗ ಇದೇ ಮನೆಗೆ ಬಂದಿದ್ದೆ. ಲಿಂಗಾಯತರ ಪದ್ಧತಿಯಂತೆ ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊಸದಾಗಿ ಅಧ್ಯಾಪಕನಾದ ಗರ್ವ ನನ್ನದು. “ಹೆಣಕ್ಕೂ ಒಂದು ಪೀಠ ಬೇಕೇನೋ?” ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಆಮೇಲೆ ಕಾಗದವನ್ನೂ ಬರೆಯಲಿಲ್ಲ. ಈಗ ಸುದ್ದಿ ತಿಳಿಸಿದವನು ಅವನ ಮಗ. ನನ್ನ ಫೋನ್ ನಂಬರನ್ನು ಅಪ್ಪ ಬರೆದಿಟ್ಟಿದ್ದನಂತೆ.

ನಾನು ತಲಪುವ ಹೊತ್ತಿಗೆ ಭಜನೆ ನಡೆದಿತ್ತು. ಅದೇ ನಡುಮನೆ, ಅದೇ ಗೋಡೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಮಲಗಿಸಿದ ದೇಹವನ್ನು ನಾವು ನಿಂತು ಮೇಲಿನಿಂದ ನೋಡುತ್ತೇವೆ. ಕುಳಿತವನನ್ನು ನೋಡಬೇಕಾದರೆ ಎದುರಿಗೆ ಕೂಡಲೇಬೇಕು. ಕುಳಿತೆ. ಮಗ ಮೆಲ್ಲಗೆ, “ಕಾಕಾರ, ಅಪ್ಪಾರು ನಿಮ್ಮ ಹಾದೀನ ನೋಡಾಕತ್ತಾರ್ರೀ” ಎಂದ. ‘ನೋಡುತ್ತಿದ್ದರು’ ಎನ್ನಲಿಲ್ಲ.

ಇಂಡೋನೇಷ್ಯದ ಸುಲಾವೇಸಿ ದ್ವೀಪದ ಗುಡ್ಡಗಳಲ್ಲಿ ತೊರಾಜ ಎಂಬ ಜನರಿದ್ದಾರೆ. ದೋಣಿಯಂತೆ ಬಾಗಿದ ಸೂರಿನ ಮನೆಗಳು ಅವರವು. ಉತ್ತರಕ್ರಿಯೆಗೆ ಕೋಣಗಳು ಬೇಕು, ಬಂಧುಗಳೆಲ್ಲ ಕೂಡಬೇಕು. ಅಲ್ಲಿಯವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ದೇಹವನ್ನು ಮನೆಯಲ್ಲಿಯೇ ಇರಿಸಿಕೊಳ್ಳುತ್ತಾರೆ. ಆ ಅವಧಿಯಲ್ಲಿ ಆತ ಅವರ ಮಾತಿನಲ್ಲಿ ಸತ್ತವನಲ್ಲ, ಕಾಯಿಲೆಯವನು; ಅವನ ಮುಂದೆ ಊಟವನ್ನೂ ಇಡುತ್ತಾರೆ. ಹಿಂದೆ ಇದನ್ನು ಓದಿದಾಗ ದೂರದವರ ವಿಚಿತ್ರವೆಂದುಕೊಂಡಿದ್ದೆ. ಆ ಹುಡುಗನ ವರ್ತಮಾನಕಾಲ ಕಿವಿಗೆ ಬಿದ್ದ ಮೇಲೆ ಹಾಗೆನಿಸಲಿಲ್ಲ.

ಹೊರಗೆ ಬಿದಿರು, ಬಾಳೆಕಂಬ, ಹೂಗಳಿಂದ ವಿಮಾನ ಕಟ್ಟುತ್ತಿದ್ದರು. ಹೌದು, ಅದರ ಹೆಸರು ವಿಮಾನವೇ. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು. ಎಷ್ಟೋ ವರ್ಷ ತರಗತಿಯಲ್ಲಿ ಇದನ್ನು ವಿವರಿಸಿದ್ದೇನೆ. ಮೇಲಿನ ಪಟ್ಟಿಕೆಯಲ್ಲಿ ಅವನು ಮಲಗಿಲ್ಲ, ಕುಳಿತಿದ್ದಾನೆ ಎಂಬುದು ಅಂದಿನ ನನ್ನ ಕುಹಕಕ್ಕೆ ಉತ್ತರವಾಗಬಹುದಿತ್ತು; ನನಗೆ ಹೊಳೆದಿರಲಿಲ್ಲ.

ಸಮಾಧಿ ಅವರ ಹೊಲದಲ್ಲಿಯೇ. ಕುಳಿಯೊಳಗೆ ಗೂಡು ತೆಗೆದು ಅವನನ್ನು ಕೂಡಿಸಿದರು. ಜಂಗಮರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿದರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಸರತಿ ನನ್ನದಾದಾಗ ಹುಡುಗ ನನ್ನ ಕೈಗೆ ಪತ್ರೆ ಕೊಟ್ಟ. ಒಂದು ಮಾತು ಆಡಬೇಕೆಂದಿದ್ದೆ; ಗಂಟಲು ಕಟ್ಟಿತು. ಪತ್ರೆಯನ್ನು ಬಿಟ್ಟೆ, ಅದು ಅವನ ಮೊಳಕಾಲಿನ ಮೇಲೆ ನಿಂತಿತು.

ಹಿಂದಿರುಗುವಾಗ ಮಗ ಕೇಳಿದ: “ಕಾಕಾರ, ಶಿವಗಣಾರಾಧನೆಗೆ ಬರ್ತೀರಲ್ರೀ?” ಬರುತ್ತೇನೆಂದೆ.