ವಿಷಮಶೀತ ಜ್ವರ ಮತ್ತು ಹಾಲು ಉತ್ಪಾದಕರ ಹೊಣೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಮನುಷ್ಯರ ಜ್ವರದ ಬಗ್ಗೆ ಏಕೆ ಮಾತನಾಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ದನಕರುಗಳಿಗೆ ಬರುವ ಕಾಯಿಲೆಯಲ್ಲ. ಇದರ ರೋಗಾಣು ಮನುಷ್ಯನ ದೇಹದಲ್ಲಿ ಬೆಳೆದು, ಮಲಮೂತ್ರದ ಮೂಲಕ ಹೊರಬಂದು, ನೀರು ಆಹಾರಗಳಿಂದ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಹಸುವಿನ ಕೆಚ್ಚಲಿನಲ್ಲಿ ಈ ರೋಗಾಣು ಇಲ್ಲ. ಆದರೆ ಕರೆಯುವವರ ಕೈಯಿಂದ, ಪಾತ್ರೆ ತೊಳೆದ ನೀರಿನಿಂದ ಅದು ಹಾಲಿಗೆ ಸೇರಬಹುದು. ಸೇರಿದರೆ ಹಾಲಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದ್ದರಿಂದ ಈ ವಿಷಯ ನಮಗೂ ಸಂಬಂಧಿಸಿದ್ದೇ.

ಜ್ವರ ಬಿಟ್ಟು ಆರೋಗ್ಯವಾಗಿ ಓಡಾಡುವವರಲ್ಲಿಯೂ ನೂರಕ್ಕೆ ಒಬ್ಬರಿಂದ ಐವರ ಪಿತ್ತಕೋಶದಲ್ಲಿ ರೋಗಾಣು ಅಡಗಿದ್ದು, ವರ್ಷಕ್ಕೂ ಹೆಚ್ಚು ಕಾಲ ಮಲದಲ್ಲಿ ಹೊರಬೀಳುತ್ತಿರುತ್ತದೆ. ಅವರಿಗೇ ಅದರ ಅರಿವಿರುವುದಿಲ್ಲ. ಹೀಗಾಗಿ ಎಲ್ಲರೂ ಈ ನಿಯಮಗಳನ್ನು ಪಾಲಿಸಬೇಕು.

1. ಶೌಚದ ನಂತರ ಮತ್ತು ಹಾಲು ಕರೆಯುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.

2. ಕ್ಯಾನು, ಬಕೆಟ್ಟುಗಳನ್ನು ಕೆರೆ, ಕಾಲುವೆ ನೀರಿನಲ್ಲಿ ತೊಳೆಯಬೇಡಿ. ಶುದ್ಧ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಹಾಲಿಗೆ ನೀರು ಬೆರೆಸುವುದು ಮೋಸ ಮಾತ್ರವಲ್ಲ, ರೋಗವನ್ನು ಹಂಚಿದಂತೆ.

3. ಜ್ವರ, ಭೇದಿ ಇರುವವರು ಹಾಲು ಕರೆಯಬಾರದು.

4. ಮನೆಯ ಬಳಕೆಗೆ ಇಟ್ಟುಕೊಂಡ ಹಾಲನ್ನು ಉಕ್ಕುವಂತೆ ಕಾಯಿಸಿ ಕುಡಿಯಿರಿ. ನಮ್ಮದೇ ಹಸು ಎಂದು ಮಕ್ಕಳಿಗೆ ಹಸಿ ಹಾಲು ಕೊಡಬೇಡಿ. ಕುಡಿಯುವ ನೀರನ್ನೂ ಕುದಿಸಿ.

ಕಾಲುಬಾಯಿ ಜ್ವರ ಬರುವ ಮುಂಚೆಯೇ ದನಗಳಿಗೆ ಲಸಿಕೆ ಹಾಕಿಸುತ್ತೇವೆ. ಟೈಫಾಯ್ಡಿಗೂ ಒಳ್ಳೆಯ ಲಸಿಕೆ ಇದೆ. ಹೈದರಾಬಾದಿನಲ್ಲಿ ತಯಾರಾಗುವ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು 6 ತಿಂಗಳು ತುಂಬಿದ ಮಗುವಿಗೂ ಕೊಡಬಹುದು, ಒಂದೇ ಚುಚ್ಚುಮದ್ದು. ಇಂಥ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ನೇಪಾಳದ ಮಕ್ಕಳಲ್ಲಿ ನಡೆದ ಪರೀಕ್ಷೆಯಲ್ಲಿ ಅದು ನೂರಕ್ಕೆ ಸುಮಾರು 80ರಷ್ಟು ರಕ್ಷಣೆ ನೀಡಿತು. ನಿಮ್ಮ ಮಕ್ಕಳಿಗೆ ಹಾಕಿಸುವ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಟೈಫಾಯ್ಡ್ ಸುಲಭವಾಗಿ ವಾಸಿಯಾಗತೊಡಗಿತು. 1972ರಲ್ಲಿ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಆ ಔಷಧಿಗೆ ಬಗ್ಗದ ಟೈಫಾಯ್ಡ್ ಹರಡಿತು. ಆಮೇಲೆ ಬಂದ ಸಿಪ್ರೊಫ್ಲಾಕ್ಸಸಿನ್ ಕೂಡ ನಮ್ಮ ದೇಶದಲ್ಲಿ ಈ ಜ್ವರಕ್ಕೆ ಬಹುಪಾಲು ನಾಟುವುದಿಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಐದು ಬಗೆಯ ಔಷಧಿಗಳಿಗೂ ಜಗ್ಗದ ಟೈಫಾಯ್ಡ್ ಕಾಣಿಸಿತು. ಆ ರೋಗಾಣುವಿಗೆ ಈ ಶಕ್ತಿ ಕೊಟ್ಟ ವಂಶವಾಹಿ ತುಣುಕು ಕರುಳಿನ ಬೇರೆ ರೋಗಾಣುಗಳಲ್ಲಿ ಮೊದಲೇ ಇದ್ದಂಥದು. ಅಂದರೆ ಒಂದು ರೋಗಾಣು ಕಲಿತ ವಿದ್ಯೆಯನ್ನು ಇನ್ನೊಂದು ಪಡೆಯಬಲ್ಲದು.

ಟೈಫಾಯ್ಡ್ ಔಷಧಿಗಳು ಸೋಲುತ್ತಿರುವುದಕ್ಕೆ ಮನುಷ್ಯರು ಅವನ್ನು ಮನಬಂದಂತೆ ನುಂಗಿದ್ದೇ ಮೊದಲ ಕಾರಣ. ಜ್ವರ ಬಂದೊಡನೆ ಔಷಧಿ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಬೇಡಿ. ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಬರೆದುಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಆದರೆ ಕೊಟ್ಟಿಗೆಯ ಪಾಲೂ ಇದೆ. ದನಗಳಿಗೆ ಕೊಡುವ ಎನ್ರೊಫ್ಲಾಕ್ಸಸಿನ್ ಹಸುವಿನ ದೇಹದಲ್ಲಿ ಸಿಪ್ರೊಫ್ಲಾಕ್ಸಸಿನ್ ಆಗಿ ಮಾರ್ಪಡುತ್ತದೆ. ಸಗಣಿಯಲ್ಲಿರುವ ರೋಗಾಣುಗಳೂ ಔಷಧಿಗೆ ಒಗ್ಗಿಕೊಳ್ಳುತ್ತವೆ.

ಕೆಚ್ಚಲು ಬಾವು ಬಂದಾಗ ಪಶುವೈದ್ಯರನ್ನು ಕರೆಸಿ. ಉಳಿದ ಟ್ಯೂಬು, ಬಾಟಲಿಗಳನ್ನು ಮತ್ತೊಂದು ಹಸುವಿಗೆ ನೀವೇ ಹಾಕಬೇಡಿ. ಔಷಧಿಯ ಚೀಟಿಯಲ್ಲಿ ಸೂಚಿಸಿದ ದಿನಗಳು ಮುಗಿಯುವವರೆಗೆ ನಾಲ್ಕೂ ಮೊಲೆಗಳ ಹಾಲನ್ನು ಡೇರಿಗೆ ಹಾಕಬಾರದು, ಕರುವಿಗೂ ಕುಡಿಸಬಾರದು. ಕಾಯಿಸಿದರೆ ರೋಗಾಣು ಸಾಯುತ್ತದೆ, ಔಷಧಿಯ ಅಂಶ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರೂ ಆಗದು. ಒಬ್ಬರ ಕ್ಯಾನಿನ ಹಾಲು ಇಡೀ ಊರಿನ ಹಾಲನ್ನು ಕೆಡಿಸಬಲ್ಲದು.

ನಾಲ್ಕು ದಿನದ ಹಾಲಿನ ಹಣ ಕೈತಪ್ಪುವುದು ಬಡ ರೈತನಿಗೆ ಸಣ್ಣ ಮಾತಲ್ಲ, ನಿಜ. ಆದರೆ ನಮ್ಮ ಮಗುವಿಗೇ ಜ್ವರ ಬಂದ ದಿನ ಔಷಧಿ ನಾಟದಿದ್ದರೆ ಯಾವ ಹಣವೂ ನೆರವಿಗೆ ಬಾರದು. ಕೈ, ಕ್ಯಾನು ಶುದ್ಧವಾಗಿರಲಿ, ಔಷಧಿಯನ್ನು ಹಿಡಿತದಿಂದ ಬಳಸೋಣ.