ಮರೆಯನ್ನು ಬಯಸಿದ ಅರಮನೆ

ಅರಮನೆಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳಲೆಂದೇ ಕಟ್ಟಿದವು. ದೂರದಿಂದಲೇ ಅವುಗಳ ಗೋಪುರ ಕಾಣಬೇಕು. ಹತ್ತಿರ ಬಂದವನು ಹೆಬ್ಬಾಗಿಲಿನ ಮುಂದೆ ತಾನೆಷ್ಟು ಚಿಕ್ಕವನೆಂದು ತಿಳಿಯಬೇಕು. ಒಳಹೊಕ್ಕವನು ಬೆರಗಾಗಿ ಹೊರಬರಬೇಕು. ಮೈಸೂರಿನ ಅರಮನೆಯನ್ನು ದೀಪಗಳ ಬೆಳಕಿನಲ್ಲಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಯಾರ ಕಣ್ಣಿಗೂ ಬೀಳಬಾರದೆಂದು ಕಟ್ಟಿದ ಅರಮನೆಯೊಂದು ಕೊಡಗಿನಲ್ಲಿದೆ. ಕಕ್ಕಬ್ಬೆಗೆ ಸಮೀಪದ ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ನಿಂತಿರುವ ನಾಲ್ಕುನಾಡು ಅರಮನೆ ಅದು. ಇಂದು ನನ್ನ ಮಾತು ಅಲ್ಲಿಗೆ ಹೋಗುವ ದಾರಿಯನ್ನೂ ಆ ಮನೆಯನ್ನೂ ಕುರಿತದ್ದು.

ಪ್ರಯಾಣವನ್ನು ಮಡಿಕೇರಿಯಿಂದಲೇ ಆರಂಭಿಸಬೇಕು. ಒಂದನ್ನು ನೋಡಿದ ಮೇಲೆ ಇನ್ನೊಂದರ ಅರ್ಥ ತಿಳಿಯುತ್ತದೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯಾಗಿ ನೆಲೆಗೊಳಿಸಿದ ಈ ಊರಿನ ಕೋಟೆಯೊಳಗೆ, ಲಿಂಗರಾಜೇಂದ್ರ 1812ರಿಂದ 1814ರ ವೇಳೆಗೆ ಕಟ್ಟಿಸಿದ ಅರಮನೆಯಿದೆ. ಅದರ ಆವರಣದಲ್ಲಿ ಗಾರೆಯ ಎರಡು ಆನೆಗಳಿವೆ. ಊರಿನ ಅಂಚಿಗೆ ನಡೆದರೆ ರಾಜಾಸೀಟು. ಸುತ್ತಲಿನ ಹೂದೋಟವನ್ನು ಇಂದು ತೋಟಗಾರಿಕೆ ಇಲಾಖೆಯವರು ನೋಡಿಕೊಳ್ಳುತ್ತಾರೆ. ಆದರೆ ರಾಜರು ಅಲ್ಲಿನ ಪುಟ್ಟ ಮಂಟಪದಲ್ಲಿ ಕುಳಿತು ಕಣ್ಣು ತುಂಬಿಕೊಳ್ಳುತ್ತಿದ್ದುದು ಹೂವಿನ ಪಾತಿಗಳನ್ನಲ್ಲ. ಕೆಳಗೆ ಹರಡಿದ ಕಣಿವೆಯನ್ನು, ಪಡುವಣ ಸಾಲುಗಳ ಹಿಂದೆ ಇಳಿಯುವ ಸೂರ್ಯನನ್ನು. ಬಯಲಿನಲ್ಲಿ ಕುಳಿತು ಹೀಗೆ ನೋಡಬಲ್ಲವನಿಗೆ ಬೆನ್ನ ಹಿಂದಿನ ಭಯ ಇರಲಾರದು.

ಮೂರ್ನಾಡು, ನಾಪೋಕ್ಲು ದಾರಿಯಾಗಿ ಕಕ್ಕಬ್ಬೆಯತ್ತ ಹೊರಟರೆ ಈ ಬಯಲುನೋಟ ಮುಚ್ಚಿಕೊಳ್ಳುತ್ತ ಹೋಗುತ್ತದೆ. ಗದ್ದೆಗಳು ಕಿರಿದಾಗುತ್ತವೆ, ತಿರುವುಗಳು ಹೆಚ್ಚುತ್ತವೆ. ಕಕ್ಕಬ್ಬೆಯ ಬಳಿಯ ಪಾಡಿಯಲ್ಲಿ ಇಗ್ಗುತಪ್ಪನ ಗುಡಿಯಿದೆ. ಕೊಡಗಿನ ಸುಗ್ಗಿಯ ಹಬ್ಬವಾದ ಹುತ್ತರಿಯ ಮುಹೂರ್ತ ಗೊತ್ತಾಗುವುದು ಅಲ್ಲಿ. ಅಲ್ಲಿಂದ ಮುಂದಕ್ಕೆ ಎರಡು ಬದಿಗೂ ಕಾಫಿ. ಈ ತೋಟಗಳನ್ನೇ ಅರಮನೆಯ ಉದ್ಯಾನವೆಂದು ಭಾವಿಸಿ ಸಂತೋಷಪಡುವ ಪ್ರಯಾಣಿಕರುಂಟು. ರಾಜರ ಕಾಲದಲ್ಲಿಯೇ ಅಲ್ಲೊಂದು ಇಲ್ಲೊಂದು ಕಾಫಿಗಿಡ ಇದ್ದಿರಬಹುದು. ಆದರೆ ಯುರೋಪಿಯನ್ನರ ಮೊದಲ ತೋಟ ಮಡಿಕೇರಿಯ ಬಳಿ ತಲೆಯೆತ್ತಿದ್ದು 1854ರಲ್ಲಿ, ಅಂದರೆ ಕೊಡಗಿನ ಅರಸೊತ್ತಿಗೆ ಅಳಿದು ಇಪ್ಪತ್ತು ವರ್ಷಗಳಾದ ಮೇಲೆ. ಇಳಿಜಾರುಗಳೆಲ್ಲ ಕಾಫಿಯಾದದ್ದು ಅನಂತರದ ಕಥೆ. ನಾಲ್ಕುನಾಡು ಅರಮನೆಗೆ ಉದ್ಯಾನವೆಂದು ಏನಾದರೂ ಇದ್ದರೆ ಅದು ಕಾಡು. ಆ ಕಾಡು ಇದ್ದದ್ದು ಅಲಂಕಾರಕ್ಕಲ್ಲ, ಕಾವಲಿಗೆ.

ಅರಮನೆಯ ಮುಂದೆ ಬಂದು ನಿಂತವರಿಗೆ ಮೊದಲು ತೋರುವುದು ನಿರಾಶೆಯೇ ಇರಬಹುದು. ಎರಡು ಅಂತಸ್ತಿನ ಹೆಂಚಿನ ಮನೆ. ಸಿರಿವಂತರ ಹಳೆಯ ಮನೆಯೊಂದನ್ನು ಕಂಡಂತಾಗುತ್ತದೆ. ಒಳಹೊಕ್ಕ ಮೇಲೆ ಕೆತ್ತನೆಯ ಮರಗೆಲಸ, ಬಣ್ಣ ಮಾಸಿದ ಭಿತ್ತಿಚಿತ್ರಗಳು, ಹಗಲಿನಲ್ಲಿಯೂ ಬೆಳಕು ಸುಳಿಯದ ಕೋಣೆಗಳು ಒಂದೊಂದಾಗಿ ಎದುರಾಗುತ್ತವೆ. ಆಗ ಪ್ರಶ್ನೆ ಹುಟ್ಟುತ್ತದೆ: ನಾಡನ್ನಾಳುವ ಅರಸನಿಗೆ ಇಷ್ಟು ಮರೆ ಏಕೆ ಬೇಕಾಯಿತು?

ಇದನ್ನು ಕಟ್ಟಿಸಿದವನು ದೊಡ್ಡವೀರರಾಜೇಂದ್ರ. ಕಟ್ಟಿದ ಕಾಲ 1792ರಿಂದ 1794. ಅದಕ್ಕೆ ಮೊದಲು ಅವನು ಮೈಸೂರಿನವರ ಸೆರೆಯಾಳು. ಎಳೆಯ ವಯಸ್ಸಿನ ಹಲವು ವರ್ಷಗಳನ್ನು ಸೆರೆಯಲ್ಲಿ ಕಳೆದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. 1790ರಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಮಡಿಕೇರಿಯ ಕೋಟೆಯನ್ನು ಮರಳಿ ಪಡೆದ. 1792ರಲ್ಲಿ ಶ್ರೀರಂಗಪಟ್ಟಣದ ಸಂಧಿಯಾಯಿತಾದರೂ ಟಿಪ್ಪು ಇನ್ನೂ ಏಳು ವರ್ಷ ಗಡಿಯಾಚೆಗೆ ಇದ್ದೇ ಇದ್ದ. ಗೆದ್ದ ಅರಸನೊಬ್ಬ ಕೋಟೆಯಲ್ಲಿ ನಿದ್ದೆ ಬಾರದೆ ಬೆಟ್ಟದ ಬುಡಕ್ಕೆ ಬಂದು ಮನೆ ಕಟ್ಟಿದನೆಂದರೆ, ಸೆರೆಮನೆ ಅವನನ್ನು ಇನ್ನೂ ಬಿಟ್ಟಿರಲಿಲ್ಲವೆಂದೇ ಹೇಳಬೇಕು.

ಆದರೆ ಆ ಮನೆ ಭಯದ ಮನೆಯಾಗಿಯೇ ಉಳಿಯಲಿಲ್ಲ. ಅರಮನೆಯ ಮುಂದೆ ಪುಟ್ಟದೊಂದು ಮಂಟಪವಿದೆ. 1796ರಲ್ಲಿ ದೊಡ್ಡವೀರರಾಜೇಂದ್ರ ಮಹದೇವಮ್ಮಾಜಿಯ ಕೈ ಹಿಡಿದದ್ದು ಇಲ್ಲಿಯೇ. ಬದುಕು ಇನ್ನು ನೆಲೆಗೊಂಡಿತೆಂಬ ಭರವಸೆಯನ್ನು ಆ ಮಂಟಪ ಇಂದಿಗೂ ಹೇಳುವಂತಿದೆ. ಭರವಸೆ ಬಹುಕಾಲ ಬಾಳಲಿಲ್ಲ. ರಾಣಿ 1807ರಲ್ಲಿ ತೀರಿಕೊಂಡಳು. ದುಃಖವೂ ಸಂಶಯವೂ ಅರಸನ ಬುದ್ಧಿಯನ್ನು ಕದಡಿದವು. 1809ರಲ್ಲಿ ಅವನೂ ಹೋದ. ಗಂಡು ಸಂತಾನವಿಲ್ಲದೆ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಅವನು ಬಯಸಿದ್ದ. ಆದರೆ ತಮ್ಮ ಲಿಂಗರಾಜೇಂದ್ರ ಅವಳನ್ನು ಬದಿಗೊತ್ತಿ 1811ರಲ್ಲಿ ತಾನೇ ಅರಸನಾದ. ಮಡಿಕೇರಿಯಲ್ಲಿ ನಾವು ಕಂಡ ಆ ನಿರ್ಭಯವಾದ ಅರಮನೆಯ ತಳಪಾಯದಲ್ಲಿ ಒಬ್ಬ ಹೆಣ್ಣುಮಗಳಿಗಾದ ಅನ್ಯಾಯವೂ ಇದೆ.

ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರ. 1834ರ ಏಪ್ರಿಲ್‌ನಲ್ಲಿ ಕಂಪನಿಯ ದಂಡು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಾಗ ಅವನು ಮಡಿಕೇರಿಯನ್ನು ಬಿಟ್ಟು ಬಂದು ಸೇರಿದ್ದು ದೊಡ್ಡಪ್ಪನ ಈ ಮನೆಯನ್ನು. ಮರೆ ಈ ಬಾರಿ ಕಾಯಲಿಲ್ಲ. ಕೆಲವೇ ದಿನಗಳಲ್ಲಿ ಅವನು ಶರಣಾದ. ದೊಡ್ಡಪ್ಪ ಹೆದರಿದ್ದು ಗಡಿಯಾಚೆಯ ಶತ್ರುವಿಗೆ. ರಾಜ್ಯವನ್ನು ಕೊನೆಗೆ ನುಂಗಿದ್ದು ಅವನೇ ಕೈ ಹಿಡಿದಿದ್ದ ಮಿತ್ರ. ಮೇ 7ರ ಘೋಷಣೆ, ಕೊಡಗಿನ ಜನರೆಲ್ಲರ ಒಕ್ಕೊರಲ ಇಚ್ಛೆಯಂತೆ ನಾಡು ಕಂಪನಿಗೆ ಸೇರಿತೆಂದು ಸಾರಿತು. ಪದಚ್ಯುತ ಅರಸ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, ಕಂಪನಿಯಿಂದ ಬರಬೇಕಾದ ಹಣಕ್ಕಾಗಿ ಮೊಕದ್ದಮೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಕ್ರೌರ್ಯದ ಕಥೆಗಳು ಅನೇಕ. ಅವೆಲ್ಲ ಸುಳ್ಳೆಂದು ನಾನು ಹೇಳಲಾರೆ. ಗೆದ್ದವರೇ ಬರೆದ ಆರೋಪಪಟ್ಟಿಯನ್ನು ಪೂರ್ತಿ ನಂಬಲೂ ಆರೆ. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ಅವನ ದೋಷಗಳನ್ನು ಮುಚ್ಚಿಡದೆ ಅವನನ್ನು ಮನುಷ್ಯನನ್ನಾಗಿ ಕಂಡರು. ಚರಿತ್ರೆಯ ಸ್ಥಳಕ್ಕೆ ಹೋಗುವವರು ಒಯ್ಯಬೇಕಾದ ದೃಷ್ಟಿ ಅದು.

ಇಂದು ಈ ಮನೆಗೆ ಬೇರೊಂದು ಬಗೆಯ ದಂಡು ಬರುತ್ತಿದೆ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್‌ಗೆ ಹತ್ತುವ ದಾರಿ ಅರಮನೆಯ ಬಳಿಯಿಂದಲೇ ಹೋಗುತ್ತದೆ. ಬೆಟ್ಟದ ಆತುರದಲ್ಲಿರುವವರು ಗಾಡಿ ನಿಲ್ಲಿಸಿ, ಹತ್ತು ನಿಮಿಷ ಒಳಗೆ ಸುತ್ತಿ ಹೊರಡುತ್ತಾರೆ. ಕೆಲವರು ಗೋಡೆಯ ಮೇಲೆ ತಮ್ಮ ಹೆಸರನ್ನು ಕೊರೆದೂ ಹೋಗಿದ್ದಾರೆ. ಶತ್ರುವಿನ ಕಣ್ಣು ತಪ್ಪಿಸಲು ಇಲ್ಲಿ ಕಾಡಿತ್ತು. ನೋಡಬಂದ ನೆಂಟನಿಂದ ಮನೆಯನ್ನು ಕಾಯಲು ಯಾವ ಕಾಡು ಸಾಕು? ಅರಮನೆಗೆ ಕಾವಲಿಡುವುದು, ಮಾಡನ್ನು ದುರಸ್ತಿ ಮಾಡುವುದು ಸರ್ಕಾರದ ಕೆಲಸ, ನಿಜ. ಒಂದು ಮೊಳೆಯಗಲದ ಬಣ್ಣ ಉದುರದಂತೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನೋಡುವುದು ಮಾತ್ರ ನಮ್ಮದೇ ಕೆಲಸ.

ಕಕ್ಕಬ್ಬೆಯ ದಾರಿ ಹಿಡಿಯುವವರು ಒಂದು ಪೂರ್ವಾಹ್ನವನ್ನಾದರೂ ಈ ಮನೆಗೆಂದು ತೆಗೆದಿರಿಸಲಿ. ಮೊದಲು ಮದುವೆಯ ಮಂಟಪದ ಬಳಿ ನಿಲ್ಲಲಿ, ಅನಂತರ ಕತ್ತಲೆಯ ಕೋಣೆಗೆ ಹೋಗಲಿ. ಎರಡರ ನಡುವೆ ಇರುವುದು ಕೆಲವೇ ಹೆಜ್ಜೆ.